ಓದುಗರ ಪ್ರಶ್ನೆ, ತಜ್ಞರ ಉತ್ತರ: ಹಳೆಯ ಗತ್ತಿನ ಕಂಡೆನ್ಸ್ಡ್ ಸೆರಿಫ್ ಅಕ್ಷರಗಳು

ಈ ಬಾರಿ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಬಗೆಯ ಅಕ್ಷರದ ಸುತ್ತ ಇವೆ. ಎತ್ತರವಾಗಿ, ಕಡಿಮೆ ಅಗಲದಲ್ಲಿ ನಿಂತು, ಹಳೆಯ ಪೋಸ್ಟರು, ರಕ್ಷಾಪುಟ, ಬಾಟಲಿ ಲೇಬಲ್‌ಗಳನ್ನು ನೆನಪಿಗೆ ತರುವ ರೋಮನ್ ಲಿಪಿಯ ಕಂಡೆನ್ಸ್ಡ್ ಸೆರಿಫ್ ಅದು. ಉತ್ತರಗಳಲ್ಲಿ ನಿಲುಗೆರೆ ಎಂದರೆ ಅಕ್ಷರದ ದಪ್ಪನೆಯ ಲಂಬ ಗೆರೆ, ತೆಳುಗೆರೆ ಎಂದರೆ ಅದರ ಸಪೂರ ಭಾಗ, ಒಳಬಯಲು ಎಂದರೆ ಗೆರೆಗಳ ನಡುವಿನ ಬಿಳಿ ಜಾಗ, ಸೆರಿಫ್ ಎಂದರೆ ಗೆರೆಯ ತುದಿಯಲ್ಲಿ ಅಡ್ಡಕ್ಕೆ ಚಾಚಿದ ಪಾದ. ಪಾಯಿಂಟ್ ಗಾತ್ರವನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿಗೆ ಒಂದು ಯುನಿಟ್. ಅಕ್ಷರದೊಳಗಿನ ಅಳತೆಗಳೆಲ್ಲ ಆ ಲೆಕ್ಕದಲ್ಲಿವೆ.

ಪ್ರಶ್ನೆ: ಉದ್ದನೆಯ ಶೀರ್ಷಿಕೆ ಒಂದೇ ಸಾಲಿನಲ್ಲಿ ಕೂರಲೆಂದು ಮಾಮೂಲಿ ಸೆರಿಫ್ ಫಾಂಟನ್ನು ಅಡ್ಡಕ್ಕೆ ಶೇ 70ಕ್ಕೆ ಇಳಿಸಿದೆ. ಜಾಗ ಸಿಕ್ಕಿತು, ಆದರೆ ಅಕ್ಷರ ಸೊರಗಿದಂತೆ ಕಾಣುತ್ತದೆ. ಕಂಡೆನ್ಸ್ಡ್ ಎಂದು ಮಾರುವ ಫಾಂಟಿನಲ್ಲಿ ಹೆಚ್ಚೇನಿದೆ?

ಉತ್ತರ: ಅದರಲ್ಲಿ ಪ್ರತಿ ಅಕ್ಷರವನ್ನೂ ಆ ಅಗಲಕ್ಕೆಂದೇ ಹೊಸದಾಗಿ ಬರೆದಿರುತ್ತಾರೆ. ಲೆಕ್ಕ ಹಾಕಿ ನೋಡಿದರೆ ವ್ಯತ್ಯಾಸ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ನಿಮ್ಮ ಫಾಂಟಿನ ಸ್ಮಾಲ್ ‘ಎನ್’ನಲ್ಲಿ ನಿಲುಗೆರೆ 90, ಒಳಬಯಲು 260, ಮತ್ತೆ ನಿಲುಗೆರೆ 90, ಒಟ್ಟು 440 ಯುನಿಟ್ ಇದೆ ಎನ್ನಿ. ಶೇ 70ಕ್ಕೆ ಇಳಿಸಿದಾಗ ಒಟ್ಟು ಅಗಲ 308 ಆಗುತ್ತದೆ. ನಿಲುಗೆರೆ 63ಕ್ಕೆ ಇಳಿಯುತ್ತದೆ, ಒಳಬಯಲು 182 ಆಗುತ್ತದೆ. ಅಡ್ಡಕ್ಕೆ ಹರಿಯುವ ಗೆರೆಗಳ ದಪ್ಪ ಮಾತ್ರ ಕದಲುವುದಿಲ್ಲ. ‘ಓ’ದ ನೆತ್ತಿಯ ತೆಳುಗೆರೆ 30 ಇದ್ದದ್ದು 30 ಆಗಿಯೇ ಉಳಿಯುತ್ತದೆ. ಹೀಗಾಗಿ ಮೂರಕ್ಕೆ ಒಂದು ಇದ್ದ ದಪ್ಪ-ತೆಳುವಿನ ಅನುಪಾತ ಎರಡಕ್ಕೆ ಒಂದರ ಹತ್ತಿರ ಬಂದು ಬೀಳುತ್ತದೆ. ಹಳೆಯ ಅಕ್ಷರದ ಹೊಳಪು ಇರುವುದೇ ಆ ಅನುಪಾತದಲ್ಲಿ. ಮೊದಲೇ ಅನುಪಾತ ಕಡಿಮೆಯಿರುವ ಫಾಂಟಿನಲ್ಲಿ ಇನ್ನೂ ಕೆಡುತ್ತದೆ. ನಿಲುಗೆರೆ 80, ಅಡ್ಡಗೆರೆ 60 ಇದ್ದರೆ, ಇಳಿಸಿದ ಮೇಲೆ ನಿಲುಗೆರೆ 56 ಆಗಿ ಅಡ್ಡಗೆರೆಗಿಂತಲೂ ಸಪೂರವಾಗುತ್ತದೆ. ಆಗ ಇಡೀ ಪದ ಅಡ್ಡಕ್ಕೆ ಮಲಗಿದ ಹಾಗೆ ಕಾಣುತ್ತದೆ.

ಅದೇ 308 ಯುನಿಟ್ ಅಗಲವನ್ನು ಕೈಯಿಂದ ಬರೆಯುವವರು ಬೇರೆ ರೀತಿ ಹಂಚುತ್ತಾರೆ. ನಿಲುಗೆರೆಗೆ 78, ಒಳಬಯಲಿಗೆ 152, ಮತ್ತೆ 78. ಹೊರೆಯೆಲ್ಲ ಒಳಬಯಲಿನ ಮೇಲೆ ಬೀಳುತ್ತದೆ, ಗೆರೆ ಸೊರಗುವುದಿಲ್ಲ. ತೆಳುಗೆರೆಯನ್ನು 26ರ ಆಸುಪಾಸಿಗೆ ತಂದರೆ ಮೂರಕ್ಕೆ ಒಂದರ ಅನುಪಾತವೂ ಉಳಿಯುತ್ತದೆ. ಸೆರಿಫ್‌ಗಳನ್ನು ಮೊಟಕು ಮಾಡಿ, ‘ಓ’ದ ಅಕ್ಕಪಕ್ಕಗಳನ್ನು ಹೆಚ್ಚು ನೇರ ಮಾಡುತ್ತಾರೆ.

ಅಡ್ಡಕ್ಕೆ ಇಳಿಸಿದ ಅಕ್ಷರ ಜಗತ್ತಿಗೆಲ್ಲ ಪರಿಚಯವಾದ ಒಂದು ಉದಾಹರಣೆಯೂ ಇದೆ. ಆಪಲ್ ಕಂಪನಿ 1984ರಿಂದ ಸುಮಾರು ಎರಡು ದಶಕ ಬಳಸಿದ್ದು ಐಟಿಸಿ ಗ್ಯಾರಮಾಂಡ್ ಎಂಬ ಫಾಂಟನ್ನು ಶೇ 80ರ ಅಗಲಕ್ಕೆ ತಂದ ರೂಪ. ಡಿಜಿಟಲ್ ಫಾಂಟಾಗಿ ಸಿದ್ಧಪಡಿಸುವಾಗ ಬಿಟ್‌ಸ್ಟ್ರೀಮ್ ಸಂಸ್ಥೆ ಅದರ ಗೆರೆಗಳ ದಪ್ಪವನ್ನು ತಿದ್ದಬೇಕಾಯಿತು. ಎರಡು ಪರ್ಸೆಂಟಿನವರೆಗಿನ ಹಿಗ್ಗು-ಕುಗ್ಗು ಕಣ್ಣಿಗೆ ಬೀಳದು. ಅದರಾಚೆ ಹೋಗುವುದಾದರೆ ನಿಜವಾದ ಕಂಡೆನ್ಸ್ಡ್ ಫಾಂಟನ್ನೇ ತನ್ನಿ, ಇಲ್ಲವೇ ಶೀರ್ಷಿಕೆಯನ್ನು ಎರಡು ಸಾಲು ಮಾಡಿ.

ಪ್ರಶ್ನೆ: ‘ವಿಂಟೇಜ್’ ಎಂದು ಹೆಸರಿಟ್ಟ ಫಾಂಟ್‌ಗಳು ಒಂದಕ್ಕೊಂದು ಹೋಲುವುದೇ ಇಲ್ಲ. ಯಾವುದು ಯಾವ ಕಾಲದ್ದು ಎಂದು ಗುರುತಿಸುವುದು ಹೇಗೆ?

ಉತ್ತರ: ಸೆರಿಫಿನ ಆಕಾರವನ್ನು ಮೊದಲು ನೋಡಿ. ಕಾಲದ ಸುಳಿವು ಹೆಚ್ಚಾಗಿ ಅಲ್ಲೇ ಸಿಗುತ್ತದೆ.

ಸೆರಿಫ್ ಕೂದಲೆಳೆಯಷ್ಟು ತೆಳುವಾಗಿ, ನಿಲುಗೆರೆ ಬಹಳ ದಪ್ಪವಾಗಿದ್ದರೆ ಅದರ ಮೂಲ 19ನೇ ಶತಮಾನದ ಆರಂಭದ ಜಾಹೀರಾತು ಅಕ್ಷರ. ಪೋಸ್ಟರಿನ ಅಗಲ ಸೀಮಿತ, ಹೇಳಬೇಕಾದ ಪದ ಉದ್ದ, ಅಕ್ಷರ ಮಾತ್ರ ದೂರಕ್ಕೆ ಕಾಣುವಷ್ಟು ಎತ್ತರ ಇರಬೇಕು. ಕಡಿಮೆ ಅಗಲದ ಅಕ್ಷರಕ್ಕೆ ಬೇಡಿಕೆ ಹುಟ್ಟಿದ್ದು ಈ ಒತ್ತಡದಿಂದ. ಸೀಸದ ಅಚ್ಚುಮೊಳೆಯನ್ನು ಅಷ್ಟು ದೊಡ್ಡದಾಗಿ ಎರಕ ಹೊಯ್ದರೆ ಭಾರ, ಮೇಲ್ಮೈಯೂ ಸಮವಾಗಿ ಬರುವುದಿಲ್ಲ. ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರದ ಮೊಳೆಗಳನ್ನು ಯಂತ್ರದಲ್ಲಿ ಕೊರೆಯುವ ದಾರಿ ಕಂಡುಕೊಂಡು 1828ರಲ್ಲಿ ಅವುಗಳ ಕ್ಯಾಟಲಾಗ್ ತಂದರು. 1834ರಲ್ಲಿ ವಿಲಿಯಂ ಲೆವನ್‌ವರ್ತ್ ಆ ಯಂತ್ರಕ್ಕೆ ಪ್ಯಾಂಟೋಗ್ರಾಫ್ ಜೋಡಿಸಿದರು. ಒಂದು ಮಾದರಿ ಅಕ್ಷರದಿಂದ ಬೇಕಾದ ಗಾತ್ರ ಕೊರೆಯುವುದು ಅದರಿಂದ ಸುಲಭವಾಯಿತು, ಬಗೆಬಗೆಯ ಅಗಲಗಳು ಮಾರುಕಟ್ಟೆ ತುಂಬಿದವು. ಈ ಮನೆತನದ 20ನೇ ಶತಮಾನದ ಕುಡಿ ಬೇಕೆಂದರೆ 1937ರಲ್ಲಿ ಜೆರ್ರಿ ಪವೆಲ್ ಬರೆದ ಓನಿಕ್ಸ್ ನೋಡಿ.

ಸೆರಿಫ್ ದಪ್ಪ ಚೌಕವಾಗಿದ್ದು, ನಿಲುಗೆರೆಯನ್ನು ಸೇರುವಲ್ಲಿ ಬಾಗಿದ್ದರೆ ಅದು ಕ್ಲಾರೆಂಡನ್ ಜಾತಿ. ಲಂಡನ್ನಿನ ಫ್ಯಾನ್ ಸ್ಟ್ರೀಟ್ ಫೌಂಡ್ರಿಯಿಂದ ರಾಬರ್ಟ್ ಬೆಸ್ಲಿ 1845ರಲ್ಲಿ ಇದನ್ನು ಹೊರತಂದರು. ಮೊದಲ ಕ್ಲಾರೆಂಡನ್ ಈಗ ಆ ಹೆಸರಿನಲ್ಲಿ ಸಿಗುವ ಅಗಲವಾದ ಅಕ್ಷರಗಳಂತಿರಲಿಲ್ಲ. ಓಡುವ ಪಠ್ಯದ ನಡುವೆ ಒಂದು ಪದವನ್ನು ಎತ್ತಿ ತೋರಿಸಲೆಂದು ಮಾಡಿದ, ಕೊಂಚ ಕಡಿಮೆ ಅಗಲದ ದಪ್ಪಕ್ಷರ ಅದು. ಸೆರಿಫ್ ತ್ರಿಕೋನದ ಬೆಣೆಯಂತಿದ್ದರೆ ಅದಕ್ಕೆ ‘ಲ್ಯಾಟಿನ್’ ಎಂದು ಹೆಸರು, 19ನೇ ಶತಮಾನದ ಉತ್ತರಾರ್ಧದ ರುಚಿ.

ಗೆರೆಗಳ ದಪ್ಪ-ತೆಳುವಿನ ನಡುವೆ ಅಂತರ ಕಡಿಮೆ, ಸೆರಿಫ್ ಮೊಂಡು, ಮೇಲ್ಗೆರೆ ಉದ್ದ, ಕೆಳಗಿಳಿಯುವ ಬಾಲ ಗಿಡ್ಡ, ಇಷ್ಟು ಕಂಡರೆ ಚೆಲ್ಟನ್‌ಹ್ಯಾಮ್ ಬಳಗ. 1896ರಲ್ಲಿ ಬರ್ಟ್ರಂ ಗುಡ್ಹ್ಯೂ ಬರೆದದ್ದನ್ನು ಮಾರಿಸ್ ಫುಲ್ಲರ್ ಬೆಂಟನ್ ಮುಂದಿನ ಶತಮಾನದ ಮೊದಲ ವರ್ಷಗಳಲ್ಲಿ ದೊಡ್ಡ ಕುಟುಂಬವಾಗಿ ಬೆಳೆಸಿದರು. ಅದರ ಬೋಲ್ಡ್ ಕಂಡೆನ್ಸ್ಡ್ ಪತ್ರಿಕೆಗಳ ತಲೆಬರಹಕ್ಕೆ ಹೇಳಿ ಮಾಡಿಸಿದಂತಿತ್ತು. ಇನ್ನು, ಸ್ಮಾಲ್ ಅಕ್ಷರಗಳು ಕ್ಯಾಪಿಟಲ್‌ಗೆ ಹೋಲಿಸಿದರೆ ತೀರ ಎತ್ತರವಾಗಿ, ಒಂದಕ್ಕೊಂದು ತಾಗುವಷ್ಟು ಒತ್ತೊತ್ತಾಗಿ ಕೂತಿದ್ದರೆ 1970ರ ದಶಕದ, ಫಿಲ್ಮಿನಲ್ಲಿ ಅಕ್ಷರ ಜೋಡಿಸುತ್ತಿದ್ದ ಫೋಟೊಟೈಪ್ ಕಾಲದ್ದು. ಮೊಳೆಗೆ ಲೋಹದ ಮೈ ಇರುತ್ತಿತ್ತು, ಫಿಲ್ಮಿಗೆ ಇಲ್ಲ. ಎಷ್ಟು ಹತ್ತಿರ ಬೇಕಾದರೂ ಜೋಡಿಸಬಹುದಾಗಿತ್ತು.

ವಿನ್ಯಾಸದಲ್ಲಿ ಈ ಕಾಲಗಳನ್ನು ಕಲಸಬೇಡಿ. 1970ರ ಅಕ್ಷರವನ್ನು 19ನೇ ಶತಮಾನದ ಬಳ್ಳಿ-ಬಾರ್ಡರಿನೊಳಗೆ ಕೂರಿಸಿದರೆ ಎರಡೂ ಸುಳ್ಳಾಗಿ ಕಾಣುತ್ತವೆ.

ಪ್ರಶ್ನೆ: ನಾನೇ ಒಂದು ಕಂಡೆನ್ಸ್ಡ್ ಸೆರಿಫ್ ಬರೆಯುತ್ತಿದ್ದೇನೆ. ಒಂದೊಂದೇ ಅಕ್ಷರ ಚೆನ್ನಾಗಿದೆ. ಪದ ಜೋಡಿಸಿದರೆ ಬೇಲಿ ಹಾಕಿದ ಹಾಗೆ ಬರೀ ಕಂಬಗಳು ಕಾಣುತ್ತವೆ, ಕೆಲವೆಡೆ ಕಪ್ಪು ಗಂಟುಗಳಾಗುತ್ತವೆ. ಎಲ್ಲಿ ತಪ್ಪಿದೆ?

ಉತ್ತರ: ತಪ್ಪು ಬಹುಪಾಲು ಸೆರಿಫಿನ ಉದ್ದದಲ್ಲೂ ಅಕ್ಷರಗಳ ನಡುವಿನ ಜಾಗದಲ್ಲೂ ಇರುತ್ತದೆ. ಉಳಿದ ಅಕ್ಷರಗಳನ್ನು ಪಕ್ಕಕ್ಕಿಟ್ಟು ಕ್ಯಾಪಿಟಲ್ ‘ಎಚ್’, ‘ಓ’ ಮತ್ತು ಸ್ಮಾಲ್ ‘ಎನ್’, ‘ಓ’ ನಾಲ್ಕನ್ನೇ ಸರಿಮಾಡಿ. ಇವು ಕೂತ ಮೇಲೆ ಮಿಕ್ಕವು ಇವುಗಳ ಅಳತೆಯಲ್ಲೇ ಹುಟ್ಟುತ್ತವೆ.

‘ಎನ್’ನಿಂದ ಶುರುಮಾಡೋಣ. ಅದರ ಒಳಬಯಲು 150 ಯುನಿಟ್ ಇದ್ದರೆ, ಅಕ್ಕಪಕ್ಕದ ಎರಡು ‘ಎನ್’ಗಳ ನಿಲುಗೆರೆಗಳ ನಡುವೆ ಅದಕ್ಕಿಂತ ಸ್ವಲ್ಪ ಕಡಿಮೆ, ಅಂದರೆ 130ರಷ್ಟು ಜಾಗ ಬಿಡಿ. ಒಂದೊಂದು ಅಕ್ಷರದ ಪಾಲಿಗೆ 65. ಸೆರಿಫ್ ನಿಲುಗೆರೆಯಿಂದ 30 ಯುನಿಟ್ ಹೊರಚಾಚಿದರೆ, ಎದುರುಬದುರು ಸೆರಿಫ್‌ಗಳ ನಡುವೆ 70 ಉಳಿಯುತ್ತದೆ. ಅಕ್ಷರದೊಳಗೂ 150ರಲ್ಲಿ ಎರಡು ಸೆರಿಫಿನ 60 ಹೋಗಿ 90 ಉಳಿಯುತ್ತದೆ. ಇಷ್ಟಿದ್ದರೆ ಗಾಳಿಯಾಡುತ್ತದೆ. ಅಗಲವಾದ ಫಾಂಟಿನಿಂದ ತಂದ 55ರ ಸೆರಿಫನ್ನೇ ಇಟ್ಟಿದ್ದರೆ ಒಳಗೆ ಉಳಿಯುವುದು 40, ಅಕ್ಷರಗಳ ನಡುವೆ 20 ಮಾತ್ರ. ನಿಮ್ಮ ಕಪ್ಪು ಗಂಟುಗಳಿಗೆ ಕಾರಣ ಇದೇ. ಒಂದು ಎಚ್ಚರಿಕೆ: ಫಾಂಟ್ ತಂತ್ರಾಂಶ ಪಕ್ಕದ ಜಾಗವನ್ನು ಅಳೆಯುವುದು ನಿಲುಗೆರೆಯಿಂದಲ್ಲ, ಸೆರಿಫಿನ ತುದಿಯಿಂದ. ಆದ್ದರಿಂದ ಸೈಡ್ ಬೇರಿಂಗ್ ಎಂಬಲ್ಲಿ ತುಂಬಬೇಕಾದ್ದು 65 ಅಲ್ಲ, 35.

ಮುಂದೆ ‘ಓ’. ಮಾಮೂಲಿ ಅಗಲದಲ್ಲಿ ‘ಓ’ದ ಪಕ್ಕದ ಜಾಗ ‘ಎಚ್’ನ ನಿಲುಗೆರೆ ಪಕ್ಕದ ಜಾಗದ ಅರ್ಧದಷ್ಟು ಸಾಕು, ಏಕೆಂದರೆ ಮೇಲೆ ಕೆಳಗೆ ವಕ್ರರೇಖೆ ಸರಿದುಹೋಗಿ ಬಿಳಿ ತಾನೇ ಸಿಗುತ್ತದೆ. ಕಂಡೆನ್ಸ್ಡ್‌ನಲ್ಲಿ ‘ಓ’ದ ಪಕ್ಕಗಳು ಹೆಚ್ಚುಕಡಿಮೆ ನೇರ. ಆ ಬಿಳಿ ಸಿಗುವುದಿಲ್ಲ. ಅದಕ್ಕೆ ‘ಎಚ್’ನ ಮುಕ್ಕಾಲು ಪಾಲಿಗಿಂತ ಕಡಿಮೆ ಕೊಡಬೇಡಿ. ಹಾಗೆಯೇ ಕಿರಿದಾದ ‘ಓ’ದ ನೆತ್ತಿ ಚೂಪಾಗಿರುವುದರಿಂದ, ಅಕ್ಷರಗಳ ಎತ್ತರದ ಮಿತಿಗೆರೆಯಿಂದ ಆಚೆಗೆ ಚಾಚಲು ಸಾಮಾನ್ಯವಾಗಿ ಬಿಡುವ 10-12 ಯುನಿಟ್ ಸಾಲದೆ ಅಕ್ಷರ ಗಿಡ್ಡವಾಗಿ ಕಾಣಬಹುದು, 14-16ರವರೆಗೆ ಹೋಗಿ ನೋಡಿ. ಬೇಲಿ ಒಡೆಯುವ ಶಕ್ತಿ ಇರುವುದು ಈ ದುಂಡನೆಯ ಅಕ್ಷರಗಳಿಗೇ. ಭುಜಗಳನ್ನು ತೀರ ಚೌಕ ಮಾಡಿಬಿಟ್ಟರೆ ‘ಓ’ ಕೂಡ ಎರಡು ಕಂಬವಾಗಿ ನಿಲ್ಲುತ್ತದೆ.

ಕಷ್ಟ ಕೊಡುವವು ಸ್ಮಾಲ್ ‘ಎಂ’, ಕ್ಯಾಪಿಟಲ್ ‘ಡಬ್ಲ್ಯು’, ‘ಎಸ್’, ಸ್ಮಾಲ್ ‘ಎ’, ‘ಇ’. ‘ಎಂ’ನ ಒಳಬಯಲುಗಳನ್ನು ‘ಎನ್’ನದಕ್ಕಿಂತ ಶೇ 10ರಷ್ಟು ಕಿರಿದು ಮಾಡಿ, ನಿಲುಗೆರೆಯಿಂದ 2-3 ಯುನಿಟ್ ಕಳೆಯಿರಿ, ಇಲ್ಲದಿದ್ದರೆ ಸಾಲಿನಲ್ಲಿ ಅದೊಂದೇ ಕಪ್ಪಾಗಿ ಕಾಣುತ್ತದೆ. ‘ಡಬ್ಲ್ಯು’ವನ್ನು ಉಳಿದವುಗಳಷ್ಟು ಹಿಸುಕಲು ಹೋಗಬೇಡಿ. ಅದು ಅಗಲವಾಗಿರಲಿ, ಕಣ್ಣು ಒಪ್ಪುತ್ತದೆ. ಓರೆಗೆರೆಗಳು ಸೇರುವ ಮೂಲೆಯಲ್ಲಿ ಒಳಗಿನಿಂದ ಸಣ್ಣ ಕಚ್ಚು ಕೊಟ್ಟರೆ ಶಾಯಿ ತುಂಬಿಕೊಳ್ಳುವುದು ತಪ್ಪುತ್ತದೆ. ‘ಎಸ್’ನ ಬೆನ್ನುಗೆರೆ ಕಿರಿದಾದಷ್ಟೂ ಕಡಿದಾಗುತ್ತದೆ, ಅದನ್ನು ‘ಓ’ದ ದಪ್ಪ ಗೆರೆಯ ಜೊತೆಗಿಟ್ಟು ಕಣ್ಣಳತೆಯಲ್ಲಿ ತಿದ್ದಬೇಕು, ಸೂತ್ರ ಇಲ್ಲ. ‘ಎ’ ಅಕ್ಷರದ ತುದಿಯ ಗುಂಡು ಒಳಬಯಲನ್ನು ನುಂಗುತ್ತಿದ್ದರೆ ಗುಂಡನ್ನು ಕಣ್ಣೀರಿನ ಹನಿಯ ಆಕಾರಕ್ಕೆ ಇಳಿಸಿ.

ಪರೀಕ್ಷೆಗೆ ಇಂಗ್ಲಿಷಿನ ‘ಮಿನಿಮಮ್’ ಪದವನ್ನು ಜೋಡಿಸಿ, ಕಾಗದಕ್ಕೆ ತೆಗೆದು, ತಲೆಕೆಳಗು ಹಿಡಿದು ನೋಡಿ. ಅರ್ಥ ಮರೆಯಾದಾಗ ಕಪ್ಪು-ಬಿಳುಪಿನ ಲಯವಷ್ಟೇ ಉಳಿಯುತ್ತದೆ, ಎಲ್ಲಿ ಮುಗ್ಗರಿಸಿದೆ ಎಂಬುದು ಕೂಡಲೇ ಕಾಣುತ್ತದೆ. ಲಯ ಕೂಡುವ ಮೊದಲು ಜೋಡಿ ಅಕ್ಷರಗಳ ನಡುವಿನ ಜಾಗ ತಿದ್ದುವ ಕರ್ನಿಂಗ್‌ಗೆ ಕೈಹಾಕಬೇಡಿ. ಪಕ್ಕದ ಜಾಗ ತಪ್ಪಿದ್ದರೆ ನೂರಾರು ಜೋಡಿಗಳನ್ನು ತಿದ್ದಿದರೂ ಮುಗಿಯದು. ಅದು ಸರಿಯಿದ್ದರೆ ‘ಎ-ವಿ’, ‘ಟಿ-ಓ’, ‘ಎಲ್-ಟಿ’ಯಂಥ ಜೋಡಿಗಳಿಗೆ ಮಾತ್ರ ಕೆಲಸ ಬೀಳುತ್ತದೆ, ಅದೂ ಅಗಲದ ಫಾಂಟಿಗೆ ಬೇಕಾಗುವುದಕ್ಕಿಂತ ಕಡಿಮೆ.

ಪ್ರಶ್ನೆ: ಇಡೀ ಲೇಖನವನ್ನು ಇಂಥ ಅಕ್ಷರದಲ್ಲಿ ಜೋಡಿಸಬಹುದೇ?

ಉತ್ತರ: ಬೇಡ. ಶೀರ್ಷಿಕೆ, ಉಪಶೀರ್ಷಿಕೆ, ಎತ್ತಿ ತೋರಿಸುವ ಎರಡು ಮೂರು ಸಾಲು, ಅಷ್ಟಕ್ಕೆ ನಿಲ್ಲಿಸಿ. ಒಳಬಯಲು ಕಿರಿದಾದಾಗ ಸಣ್ಣ ಗಾತ್ರದಲ್ಲಿ ‘ಇ’, ‘ಸಿ’, ‘ಓ’ ಒಂದೇ ಥರ ಕಾಣುತ್ತವೆ, ಕಣ್ಣು ಬೇಗ ದಣಿಯುತ್ತದೆ. ಶೀರ್ಷಿಕೆ ಪೂರ್ತಿ ಕ್ಯಾಪಿಟಲ್‌ನಲ್ಲಿದ್ದರೆ ಟ್ರ್ಯಾಕಿಂಗ್ (ಎಲ್ಲ ಅಕ್ಷರಗಳ ನಡುವೆ ಒಂದೇ ಸಮ ಸೇರಿಸುವ ಜಾಗ) +20ರಿಂದ +60, ಸಾಲಂತರ ಅಕ್ಷರಗಾತ್ರದ 0.95ರಿಂದ 1.1 ಪಟ್ಟು. ಸ್ಮಾಲ್ ಅಕ್ಷರಕ್ಕೆ ಟ್ರ್ಯಾಕಿಂಗ್ ಸೊನ್ನೆಯಲ್ಲೇ ಇರಲಿ. ಕೆಳಗಿನ ಪಠ್ಯಕ್ಕೆ ಸಾಮಾನ್ಯ ಅಗಲದ, ಗದ್ದಲವಿಲ್ಲದ ಫಾಂಟ್ ಹಾಕಿ. ಅಲ್ಲಿ ಇನ್ನೊಂದು ಅಲಂಕಾರದ ಸೆರಿಫ್ ತಂದರೆ ಶೀರ್ಷಿಕೆಯ ಗತ್ತು ಹೋಗುತ್ತದೆ.

ಪ್ರಶ್ನೆ: ಪರದೆಯ ಮೇಲೆ ಸೊಗಸಾಗಿದ್ದ ಲೇಬಲ್ ಅಚ್ಚಾಗಿ ಬಂದಾಗ ತೆಳುಗೆರೆಗಳೇ ಮಾಯ. ಕಪ್ಪು ಹಿನ್ನೆಲೆಯ ಬಿಳಿ ಅಕ್ಷರವಂತೂ ತುಂಡುತುಂಡಾಗಿದೆ. ಮೊದಲೇ ತಿಳಿಯುವ ದಾರಿ ಇದೆಯೇ?

ಉತ್ತರ: ಇದೆ, ಒಂದೇ ಗುಣಾಕಾರ. ತೆಳುಗೆರೆಯ ಯುನಿಟ್ಟನ್ನು ಪಾಯಿಂಟ್ ಗಾತ್ರದಿಂದ ಗುಣಿಸಿ 1000ದಿಂದ ಭಾಗಿಸಿ. ತೆಳುಗೆರೆ 18 ಯುನಿಟ್ ಇರುವ ಫಾಂಟನ್ನು 10 ಪಾಯಿಂಟಿನಲ್ಲಿ ಹಾಕಿದರೆ ಗೆರೆಯ ದಪ್ಪ 0.18 ಪಾಯಿಂಟ್, ಅಂದರೆ 0.06 ಮಿಲಿಮೀಟರ್. ಆಫ್‌ಸೆಟ್‌ನಲ್ಲಿ ಬಿಳಿಯ ಮೇಲಿನ ಕಪ್ಪು ಗೆರೆಗೆ 0.25 ಪಾಯಿಂಟ್, ಬಣ್ಣದೊಳಗೆ ಬಿಟ್ಟ ಬಿಳಿ ಗೆರೆಗೆ 0.5 ಪಾಯಿಂಟ್, ಸ್ಕ್ರೀನ್ ಪ್ರಿಂಟಿಂಗ್‌ಗೆ 1 ಪಾಯಿಂಟ್ ಕನಿಷ್ಠ ಎಂದಿಟ್ಟುಕೊಳ್ಳಿ. ಈ ಫಾಂಟಿಗೆ ಹಿಂದುಮುಂದಾಗಿ ಲೆಕ್ಕ ಹಾಕಿದರೆ ಕನಿಷ್ಠ ಗಾತ್ರ ಕ್ರಮವಾಗಿ 14, 28 ಮತ್ತು 56 ಪಾಯಿಂಟ್ ಬರುತ್ತದೆ. ತೆಳುಗೆರೆ ಎಷ್ಟೆಂದು ಗೊತ್ತಿಲ್ಲವೇ? ಅಕ್ಷರವನ್ನು 1000 ಪಾಯಿಂಟಿಗೆ ಹಿಗ್ಗಿಸಿ, ಪಠ್ಯವನ್ನು ಬರೀ ಆಕಾರವಾಗಿಸಿ, ಅಂದರೆ ಔಟ್‌ಲೈನ್ ಮಾಡಿ, ತೆಳುಭಾಗವನ್ನು ಪಾಯಿಂಟಿನಲ್ಲೇ ಅಳೆಯಿರಿ. ಬಂದ ಸಂಖ್ಯೆಯೇ ಯುನಿಟ್.

ಬಿಳಿ ಅಕ್ಷರ ತುಂಡಾಗಲು ಇನ್ನೊಂದು ಕಾರಣ ಹಿನ್ನೆಲೆಯ ಕಪ್ಪು. ಅದನ್ನು ನಾಲ್ಕು ಬಣ್ಣ ಸೇರಿಸಿ ಮಾಡಿದ್ದರೆ, ಒಂದು ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಆ ಬಣ್ಣ ಬಿಳಿ ಗೆರೆಯೊಳಗೆ ನುಗ್ಗುತ್ತದೆ. ಸಣ್ಣ ಅಕ್ಷರ ಇರುವೆಡೆ ಹಿನ್ನೆಲೆ ಒಂದೇ ಕಪ್ಪಿನದಾಗಿರಲಿ. ಗಾತ್ರ ಹೆಚ್ಚಿಸಲು ಜಾಗವೇ ಇಲ್ಲದಿದ್ದರೆ, ಅದೇ ಕುಟುಂಬದಲ್ಲಿ ಸಣ್ಣ ಗಾತ್ರಕ್ಕೆಂದು ಬರೆದ ಆವೃತ್ತಿ ಇದೆಯೇ ನೋಡಿ. ಕೊನೆಯ ಉಪಾಯವಾಗಿ ಅಕ್ಷರಕ್ಕೆ ಅದರದೇ ಬಣ್ಣದ 0.1 ಪಾಯಿಂಟ್ ಸ್ಟ್ರೋಕ್ ಕೊಡಬಹುದು. ಪ್ರತಿ ಗೆರೆಯೂ ಅಷ್ಟು ದಪ್ಪಗಾಗುತ್ತದೆ, ಒಳಬಯಲು ಅಷ್ಟೇ ಕುಗ್ಗುತ್ತದೆ. ಅದಕ್ಕಿಂತ ಹೆಚ್ಚು ಕೊಟ್ಟರೆ ‘ಇ’ಯ ಕಣ್ಣು ಮುಚ್ಚಿಹೋಗುತ್ತದೆ.

ಪ್ರಶ್ನೆ: ಜಾಲತಾಣದ ಶೀರ್ಷಿಕೆಗೆ ಹಾಕಿದಾಗ ತೆಳುಗೆರೆ ಮಸುಕು, ಬೋಲ್ಡ್ ಮಾಡಿದರೆ ಅಕ್ಷರ ಊದಿಕೊಂಡ ಹಾಗೆ ಆಗುತ್ತದೆ. ಪುಟ ತೆರೆಯುವಾಗ ಸಾಲುಗಳೂ ಜಿಗಿಯುತ್ತವೆ.

ಉತ್ತರ: ಮೂರೂ ಬೇರೆ ಬೇರೆ ದೋಷ. ಮೇಲಿನ ಲೆಕ್ಕವನ್ನೇ ಪಿಕ್ಸೆಲ್‌ಗೆ ಹಾಕಿ: 18 ಯುನಿಟ್ ಗೆರೆ 40 ಪಿಕ್ಸೆಲ್ ಗಾತ್ರದಲ್ಲಿ 0.72 ಪಿಕ್ಸೆಲ್. ಸಾಮಾನ್ಯ ಪರದೆಯಲ್ಲಿ ಒಂದು ಪಿಕ್ಸೆಲ್ ಪೂರ್ತಿ ತುಂಬದೆ ಬೂದುಬಣ್ಣವಾಗಿ ಕಾಣುತ್ತದೆ. 56 ಪಿಕ್ಸೆಲ್ ದಾಟಿದ ಮೇಲೆ ಬಳಸಿ. ಊದಿಕೊಳ್ಳುವುದು ನಕಲಿ ಬೋಲ್ಡ್‌ನಿಂದ. ಕುಟುಂಬದಲ್ಲಿ ಬೋಲ್ಡ್ ಫೈಲ್ ಇಲ್ಲದಿದ್ದರೆ ಬ್ರೌಸರ್ ತಾನೇ ಗೆರೆಗಳನ್ನು ಹಿಗ್ಗಿಸುತ್ತದೆ. ಪುಟದ ನೋಟ ನಿಗದಿಮಾಡುವ ಸಿಎಸ್‌ಎಸ್‌ನಲ್ಲಿ ‘ಫಾಂಟ್-ಸಿಂಥೆಸಿಸ್’ ಬೆಲೆಯನ್ನು ‘ನನ್’ ಮಾಡಿ, ಶೀರ್ಷಿಕೆಯ ತೂಕವನ್ನು (ಗೆರೆಯ ದಪ್ಪದ ಮಟ್ಟವನ್ನು) 400ಕ್ಕೆ ಇಳಿಸಿ. ಶೀರ್ಷಿಕೆಯ ಟ್ಯಾಗ್‌ಗೆ ಬ್ರೌಸರ್ ತಾನಾಗಿಯೇ ಬೋಲ್ಡ್ ಕೊಡುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. ಸಾಲು ಜಿಗಿಯಲು ಕಾರಣ, ನಿಮ್ಮ ಫಾಂಟ್ ಇಳಿಯುವ ತನಕ ಕಾಣುವ ಬದಲಿ ಫಾಂಟ್ ಅಗಲವಾಗಿರುವುದು. ಎರಡು ಸಾಲಿನ ಶೀರ್ಷಿಕೆ ಆಗ ಮೂರು ಸಾಲಾಗುತ್ತದೆ. ಆ ಒಂದು ಫಾಂಟ್ ಫೈಲನ್ನು ಮೊದಲೇ ಇಳಿಸಿಕೊಳ್ಳುವಂತೆ ಪ್ರಿಲೋಡ್ ಮಾಡಿ, ಬದಲಿಗೂ ಕಡಿಮೆ ಅಗಲದ ಫಾಂಟನ್ನೇ ಸೂಚಿಸಿ.

‘ಫಾಂಟ್-ಸ್ಟ್ರೆಚ್’ ಎಂಬ ಸೂಚನೆ ಅಕ್ಷರವನ್ನು ಹಿಸುಕುವುದಿಲ್ಲ, ಇರುವ ಅಗಲಗಳಲ್ಲಿ ಒಂದನ್ನು ಆರಿಸುತ್ತದೆ ಅಷ್ಟೆ. ಒಂದೇ ಫೈಲಿನಲ್ಲಿ ಹಲವು ಅಗಲ-ತೂಕ ಇರುವ ವೇರಿಯೇಬಲ್ ಫಾಂಟ್ ಆದರೆ ಫಾಂಟ್-ಫೇಸ್ ಘೋಷಣೆಯಲ್ಲಿ ಅಗಲದ ವ್ಯಾಪ್ತಿಯನ್ನು, ಉದಾಹರಣೆಗೆ ಶೇ 62.5ರಿಂದ 100 ಎಂದು ಬರೆದಿರಬೇಕು. ಬರೆಯದಿದ್ದರೆ ಶೇ 75 ಕೇಳಿದರೂ ಅಗಲ ಬದಲಾಗದು.

ಪ್ರಶ್ನೆ: ನಾಮಫಲಕಕ್ಕೆ ವಿನೈಲ್ ಕತ್ತರಿಸುವಾಗ ಹಳೆಯ ಸವೆದ ನೋಟದ ಫಾಂಟ್ ಯಂತ್ರವನ್ನೇ ನಿಲ್ಲಿಸಿಬಿಡುತ್ತದೆ. ಏನು ಮಾಡಲಿ?

ಉತ್ತರ: ಸವೆತ ತೋರಿಸಲು ಒಂದೊಂದು ಅಕ್ಷರದ ಅಂಚಿನಲ್ಲೂ ನೂರಾರು ಬಿಂದುಗಳನ್ನು ತುಂಬಿರುತ್ತಾರೆ. ಬ್ಲೇಡ್ ಪ್ರತಿ ಬಿಂದುವಿನಲ್ಲೂ ತಿರುಗಬೇಕು. ಕತ್ತರಿಸುವುದಕ್ಕೆ ನಯವಾದ ಅಂಚಿನ ಫಾಂಟನ್ನೇ ಬಳಸಿ. ಸವೆತದ ನೋಟವನ್ನು ಅಚ್ಚು ಹಾಕುವ ಕೆಲಸಗಳಿಗೆ ಇಟ್ಟುಕೊಂಡು ಅಲ್ಲಿ ಚಿತ್ರದ ಮಾಸ್ಕ್ ಆಗಿ ಹಾಕಿ. ಔಟ್‌ಲೈನ್ ಮಾಡಿದ ಮೇಲೆ ಒಂದರ ಮೇಲೊಂದು ಬಿದ್ದ ಆಕಾರಗಳನ್ನು ಒಂದಾಗಿಸಲು ಮರೆಯಬೇಡಿ, ಇಲ್ಲದಿದ್ದರೆ ಅಕ್ಷರದ ನಡುವೆಯೇ ಸೀಳು ಬೀಳುತ್ತದೆ. ಎರಡು ಮಿಲಿಮೀಟರಿಗಿಂತ ತೆಳುವಾದ ವಿನೈಲ್ ತುದಿ ಬೇಗ ಏಳುತ್ತದೆ. 18 ಯುನಿಟ್ ತೆಳುಗೆರೆ, 700 ಯುನಿಟ್ ಎತ್ತರದ ಕ್ಯಾಪಿಟಲ್ ಇರುವ ಫಾಂಟಿಗೆ ಇದರರ್ಥ ಅಕ್ಷರ ಕನಿಷ್ಠ 78 ಮಿಲಿಮೀಟರ್ ಎತ್ತರ ಇರಬೇಕು ಎಂದು. ದೂರದ ಓದಿಗೆ ಪ್ರತಿ ಮೂರು ಮೀಟರಿಗೆ 25 ಮಿಲಿಮೀಟರ್ ಎತ್ತರ ಎಂಬ ರೂಢಿಯ ಲೆಕ್ಕವಿದೆ. ಕಂಡೆನ್ಸ್ಡ್ ಆದರೆ ಅದರ ಮೇಲೆ ಕಾಲು ಪಾಲು ಸೇರಿಸಿ, ಟ್ರ್ಯಾಕಿಂಗ್ +30ಕ್ಕಿಂತ ಕಡಿಮೆ ಬೇಡ.

ಪ್ರಶ್ನೆ: ಪಕ್ಕದಲ್ಲಿ ಕನ್ನಡ ಸಾಲೂ ಬರಬೇಕು. ಅದನ್ನೂ ಅಷ್ಟೇ ಕಿರಿದು ಮಾಡಬಹುದೇ?

ಉತ್ತರ: ದಯವಿಟ್ಟು ಮಾಡಬೇಡಿ. ಕನ್ನಡದ ಅಕ್ಷರ ದುಂಡಗೆ ಅಡ್ಡಕ್ಕೆ ಹರಡಿಕೊಳ್ಳುವಂಥದ್ದು. ‘ದ’ ಮತ್ತು ‘ಧ’, ‘ಪ’ ಮತ್ತು ‘ಫ’, ‘ಬ’ ಮತ್ತು ‘ಭ’ ನಡುವೆ ಇರುವ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಸೀಳು. ದಪ್ಪಕ್ಷರವನ್ನು ಶೇ 70ಕ್ಕೆ ಹಿಸುಕಿದರೆ ಆ ಸೀಳು ಮಸುಕಾಗಿ ಓದುಗ ‘ಧನ’ವನ್ನು ‘ದನ’ ಎಂದು ಓದುತ್ತಾನೆ. ತಲೆಕಟ್ಟಿನ ದಪ್ಪ ಹಾಗೇ ಉಳಿದು ಪಕ್ಕದ ಬಾಗುಗಳು ಸೊರಗುತ್ತವೆ.

ಅಗಲದಲ್ಲಿ ಹೊಂದಿಸುವ ಬದಲು ಸಾಲಿನ ಕಪ್ಪು-ಬಿಳುಪಿನ ಸಾಂದ್ರತೆಯಲ್ಲಿ ಹೊಂದಿಸಿ. ಗೆರೆಯಲ್ಲಿ ದಪ್ಪ-ತೆಳುವಿನ ಏರಿಳಿತ ಇರುವ ಕನ್ನಡ ಫಾಂಟ್ ಆರಿಸಿಕೊಳ್ಳಿ. ನೋಟೊ ಸೆರಿಫ್ ಕನ್ನಡ, ಟಿರೊ ಕನ್ನಡ ಎರಡರಲ್ಲೂ ಅದಿದೆ. ಕನ್ನಡದ ಮೂಲಾಕ್ಷರದ ಎತ್ತರ ರೋಮನ್ನಿನ ಸ್ಮಾಲ್ ಅಕ್ಷರಕ್ಕಿಂತ ಹೆಚ್ಚು, ಕ್ಯಾಪಿಟಲ್‌ಗಿಂತ ಕಡಿಮೆ ಬರುವಂತೆ ಗಾತ್ರ ಹೊಂದಿಸಿ. ಎರಡು ಲಿಪಿಗಳನ್ನು ಒಂದೇ ಸಾಲಿನಲ್ಲಿ ಬೆರೆಸದೆ ಬೇರೆ ಬೇರೆ ಸಾಲಿನಲ್ಲಿಡಿ, ಏಕೆಂದರೆ ಸಾಲಂತರ ಕೂಡುವುದಿಲ್ಲ. ರೋಮನ್ ಕ್ಯಾಪಿಟಲ್‌ಗೆ 1.0 ಸಾಕು. ಕನ್ನಡದ ಒತ್ತಕ್ಷರಗಳಿಗೆ 1.35 ಬೇಕು. ‘ಸ್ತ್ರ’ದಂಥ ಎರಡು ಒತ್ತಿನ ಅಕ್ಷರ ಬಂದರೆ ಇನ್ನೂ ಸ್ವಲ್ಪ.

ಪ್ರಶ್ನೆ: ಉಚಿತವಾಗಿ ಸಿಗುವ ಯಾವ ಫಾಂಟಿನಿಂದ ಆರಂಭಿಸಬಹುದು? ಗ್ರಾಹಕರ ಕೆಲಸಕ್ಕೆ ಬಳಸಿದರೆ ತೊಂದರೆ ಇದೆಯೇ?

ಉತ್ತರ: ಇನ್‌ಸ್ಟ್ರುಮೆಂಟ್ ಸೆರಿಫ್ ಶೀರ್ಷಿಕೆಗೆಂದೇ ಬರೆದ ಕಂಡೆನ್ಸ್ಡ್, ಒಂದು ತೂಕ ಮತ್ತು ಅದರ ಇಟಾಲಿಕ್ ಅಷ್ಟೇ ಇರುವುದು, ಆದ್ದರಿಂದ ಬೋಲ್ಡ್ ಗುಂಡಿ ಒತ್ತಬೇಡಿ. ಅಗಲ ನಿಮ್ಮ ಕೈಯಲ್ಲೇ ಇರಬೇಕೆಂದರೆ ನೋಟೊ ಸೆರಿಫ್ ಡಿಸ್‌ಪ್ಲೇ ಶೇ 62.5ರವರೆಗೆ ಇಳಿಯುತ್ತದೆ. ರೋಬೊಟೊ ಸೆರಿಫ್ ಶೇ 50ರವರೆಗೆ ಹೋಗುತ್ತದೆ, ಗಾತ್ರಕ್ಕೆ ತಕ್ಕಂತೆ ಗೆರೆ ಬದಲಾಗುವ ಅನುಕೂಲವೂ ಅದರಲ್ಲಿದೆ, ಆದರೆ ಹಳೆಯ ರುಚಿ ಕಡಿಮೆ. ಮೂರೂ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿ ಸಿಗುತ್ತವೆ. ಗ್ರಾಹಕರ ಕೆಲಸ, ಮುದ್ರಣ, ಜಾಲತಾಣ, ಲೋಗೊ ಎಲ್ಲಕ್ಕೂ ಬಳಸಬಹುದು, ತಿದ್ದಲೂಬಹುದು. ಫಾಂಟ್ ಫೈಲನ್ನೇ ಪ್ರತ್ಯೇಕವಾಗಿ ಮಾರುವಂತಿಲ್ಲ. ತಿದ್ದಿದ್ದನ್ನು ಹಂಚುವುದಾದರೆ ಅದೇ ಲೈಸೆನ್ಸ್‌ನಲ್ಲಿ ಹಂಚಬೇಕು, ಮೂಲದ ಹೆಸರನ್ನು ಕಾಯ್ದಿರಿಸಿದ್ದರೆ ಬೇರೆ ಹೆಸರಿಡಬೇಕು. ‘ವೈಯಕ್ತಿಕ ಬಳಕೆಗೆ ಮಾತ್ರ’ ಎಂದು ಬರೆದ ಉಚಿತ ಫಾಂಟನ್ನು ಗ್ರಾಹಕರ ಲೇಬಲ್‌ಗೆ ಹಾಕಬೇಡಿ. ಅಂಥವುಗಳಲ್ಲಿ ಅಂಕಿ, ಉದ್ಧರಣ ಚಿಹ್ನೆ, ಉಚ್ಚಾರಣಾ ಚಿಹ್ನೆ ಸೇರಿಸಿದ ಅಕ್ಷರಗಳು ಪೂರ್ತಿ ಇರುವುದೂ ಅಪರೂಪ. ಇಳಿಸಿಕೊಂಡ ದಿನವೇ ನಿಮಗೆ ಬೇಕಾದ ಹೆಸರುಗಳನ್ನೆಲ್ಲ ಒಮ್ಮೆ ಟೈಪಿಸಿ, ಖಾಲಿ ಚೌಕ ಎಲ್ಲಾದರೂ ಬರುತ್ತದೆಯೇ ನೋಡಿಕೊಳ್ಳಿ.